ನಮ್ಮ ಟೆಂಟ್ ಮಳೆಯಿಲ್ಲದೆಯೇ ಸೋರುತ್ತದೆ. ಹಂಪ್ತಾ ಪಾಸ್‌ಗೆ ಯಾವುದನ್ನು ಒಯ್ಯಬೇಕು?

ದಾವಣಗೆರೆ ಅಕ್ಕ:

ಎಲ್ಲರಿಗೂ ನಮಸ್ಕಾರ. ಪ್ರಶ್ನೆ ಸ್ವಲ್ಪ ಉದ್ದವಿದೆ, ಸಹಿಸಿಕೊಳ್ಳಿ.

ನಾನು ದಾವಣಗೆರೆಯಲ್ಲಿ ಬ್ಯಾಂಕ್ ಉದ್ಯೋಗಿ, ತಂಗಿ ಹುಬ್ಬಳ್ಳಿಯಲ್ಲಿ ನರ್ಸ್. ಆರು ವರ್ಷಗಳಲ್ಲಿ ಮೊದಲ ಬಾರಿ ಇಬ್ಬರಿಗೂ ಒಂದೇ ವಾರ ರಜೆ ಸಿಕ್ಕಿದೆ: ಸೆಪ್ಟೆಂಬರ್ ಮೂರನೇ ವಾರ. ಹಿಮಾಚಲದ ಮನಾಲಿಯಿಂದ ಹಂಪ್ತಾ ಪಾಸ್ ಎಂಬ ಎತ್ತರದ ಬೆಟ್ಟದಾರಿ ದಾಟಿ ಆಚೆಯ ಛತ್ರುವಿಗೆ ಇಳಿಯುವ ಯೋಚನೆ. ಮೂವತ್ತು ಜನರ ಗುಂಪಿನಲ್ಲಿ ಶಿಳ್ಳೆ ಹೊಡೆದಾಗ ಎದ್ದು, ಶಿಳ್ಳೆ ಹೊಡೆದಾಗ ಉಣ್ಣುವುದು ನಮಗೆ ಬೇಡ. ದಾರಿ ಬಲ್ಲ ಸ್ಥಳೀಯ ಗೈಡ್ ಒಬ್ಬರು ಜೊತೆಗಿರುತ್ತಾರೆ. ಅವರ ಟೆಂಟ್ ಅವರದು, ನಮ್ಮದು ನಾವೇ ಹೊರಬೇಕು.

ಈಗ ಮನೆಯಲ್ಲಿರುವುದು ಭಾವ ಯಾವುದೋ ಕಾಲದಲ್ಲಿ ಕೊಂಡ ಟೆಂಟ್. ಮೂವರಿಗೆ ಎಂದು ಚೀಲದ ಮೇಲೆ ಬರೆದಿದೆ. ಅಡುಗೆಮನೆಯ ತಕ್ಕಡಿಯಲ್ಲಿ ತುಂಡು ತುಂಡಾಗಿ ಇಟ್ಟು ತೂಗಿದೆ: ಒಟ್ಟು 3.4 ಕಿಲೋ. ಕೋಲುಗಳು ಫೈಬರ್‌ಗ್ಲಾಸ್. ಹೋದ ಡಿಸೆಂಬರ್‌ನಲ್ಲಿ ಮೂಡಿಗೆರೆ ಹತ್ತಿರ ಒಂದು ಹೋಂಸ್ಟೇ ಅಂಗಳದಾಚೆ, ಹಳ್ಳದ ಪಕ್ಕದಲ್ಲಿ ಹಾಕಿಕೊಂಡು ಮಲಗಿದ್ದೆವು. ಆಕಾಶದಲ್ಲಿ ಒಂದು ಮೋಡ ಇರಲಿಲ್ಲ. ಆದರೂ ಬೆಳಗಿನ ಜಾವ ಮುಖದ ಮೇಲೆ ಟಪ್ ಟಪ್ ಎಂದು ಹನಿ ಬಿದ್ದು ಎಚ್ಚರವಾಯಿತು. ತಂಗಿಯ ಸ್ಲೀಪಿಂಗ್ ಬ್ಯಾಗಿನ ಕಾಲಿನ ಕಡೆ ಹಿಂಡಿದರೆ ನೀರು ಬರುವಷ್ಟು ಒದ್ದೆ. ಮಳೆಯಿಲ್ಲದೆಯೇ ಸೋರುವ ಟೆಂಟ್ ಮಳೆಗೆ ಏನಾದೀತು?

ಹಾಗಾಗಿ ಹೊಸದು ಕೊಳ್ಳಬೇಕು. ಬಜೆಟ್ ಹನ್ನೆರಡು ಸಾವಿರ. ಅಂಗಡಿಗೆ ಹೋದರೆ ಒಂದರ ಮೇಲೆ 1,500 ಮಿ.ಮೀ., ಇನ್ನೊಂದರ ಮೇಲೆ 3,000 ಮಿ.ಮೀ., 20 ಡೆನಿಯರ್, 70 ಡೆನಿಯರ್ ಎಂದು ಬರೆದಿರುತ್ತಾರೆ. ಮಾರುವ ಹುಡುಗನನ್ನು ಕೇಳಿದರೆ ‘ಹೆಚ್ಚು ಇದ್ದಷ್ಟೂ ಒಳ್ಳೆಯದು ಮೇಡಂ’ ಎನ್ನುತ್ತಾನೆ. ಬ್ಯಾಂಕಿನಲ್ಲಿ ನಾವೂ ಠೇವಣಿಯ ಬಗ್ಗೆ ಹೀಗೆಯೇ ಹೇಳುವುದರಿಂದ ನನಗೆ ನಂಬಿಕೆ ಬರಲಿಲ್ಲ.

ಇನ್ನೊಂದು ವಿಷಯ. ನನ್ನ ಎತ್ತರ 5 ಅಡಿ 2 ಅಂಗುಲ, ತಂಗಿಯದು 5 ಅಡಿ 9. ನಿದ್ದೆಯಲ್ಲಿ ಒದೆಯುತ್ತಾಳೆ.

ಮನಾಲಿಗೆ ನಾಲ್ಕು ಸಲ:

ಕೊಳ್ಳುವುದೇ ಬೇಡ, ಬಾಡಿಗೆಗೆ ತೆಗೆದುಕೊಳ್ಳಿ. ಮನಾಲಿಯಲ್ಲಿ ಟೆಂಟ್, ಸ್ಲೀಪಿಂಗ್ ಬ್ಯಾಗ್, ಬೂಟು ಎಲ್ಲವೂ ಬಾಡಿಗೆಗೆ ಸಿಗುತ್ತವೆ. ವರ್ಷಕ್ಕೆ ಒಮ್ಮೆ ಹೋಗುವವರು ಹನ್ನೆರಡು ಸಾವಿರವನ್ನು ಅಟ್ಟದ ಮೇಲೆ ಇಟ್ಟು ಧೂಳು ಹಿಡಿಸುವುದರಲ್ಲಿ ಅರ್ಥವಿಲ್ಲ. ತೆಗೆದುಕೊಳ್ಳುವಾಗ ಅಂಗಡಿಯ ಮುಂದೆಯೇ ಪೂರ್ತಿ ಬಿಡಿಸಿ ನಿಲ್ಲಿಸಿ ನೋಡಿ, ಗೂಟಗಳನ್ನು ಎಣಿಸಿ, ಜಿಪ್ಪುಗಳನ್ನು ಹತ್ತು ಸಲ ಎಳೆಯಿರಿ. ನಾನು ಒಮ್ಮೆ ನೋಡದೆ ಒಯ್ದು, ದಾರಿಯ ತಂಗುವ ಜಾಗ ಚಿಕಾದಲ್ಲಿ ಬಿಡಿಸಿದಾಗ ಒಂದು ಕೋಲು ಬೇರೆ ಯಾವುದೋ ಟೆಂಟಿನದು ಎಂದು ತಿಳಿಯಿತು. ಒಂದಡಿ ಗಿಡ್ಡ. ಮೂರು ರಾತ್ರಿ ಕುಂಟು ಟೆಂಟಿನಲ್ಲಿ ಕಳೆದೆವು.

ಹೆಣ್ಣುಮಕ್ಕಳು ಇಬ್ಬರೇ ಹೋಗುವುದಾದರೆ ಗುಂಪಿನ ಜೊತೆ ಹೋಗುವುದೇ ವಾಸಿ ಎಂದು ನನ್ನ ಅಭಿಪ್ರಾಯ.

ದಾವಣಗೆರೆ ಅಕ್ಕ:

ಬಾಡಿಗೆಯ ಸಲಹೆಗೆ ಧನ್ಯವಾದ. ಆದರೆ ಅಲ್ಲಿ ಸಿಗುವುದು ಮೂರು ಮೂರೂವರೆ ಕಿಲೋದ್ದೇ ಆದರೆ ಭಾವನ ಟೆಂಟನ್ನೇ ಹೊರಬಹುದಲ್ಲ? ಇಬ್ಬರೇ ಹೋಗುವ ವಿಷಯವನ್ನು ನಮ್ಮ ಅಮ್ಮ ಒಪ್ಪಿದ್ದಾರೆ. ಅವರನ್ನು ಒಪ್ಪಿಸಿದ ಮೇಲೆ ಇನ್ನು ಯಾರನ್ನೂ ಒಪ್ಪಿಸುವ ಶಕ್ತಿ ನನ್ನಲ್ಲಿ ಉಳಿದಿಲ್ಲ.

ಹುಡ್ ಹೊಲಿಯುವವ:

ಮೇಡಂ, ನಿಮ್ಮ ಟೆಂಟ್ ಸೋರಲಿಲ್ಲ. ನೀವಿಬ್ಬರೂ ಉಸಿರಾಡಿದಿರಿ, ಅಷ್ಟೆ.

ನನ್ನ ಬಗ್ಗೆ ಎರಡು ಮಾತು. ಚಿಕ್ಕಮಗಳೂರಿನಲ್ಲಿ ಜೀಪಿನ ಹುಡ್, ಪಿಕಪ್ಪಿನ ಟಾರ್ಪಾಲು ಹೊಲಿಯುವ ಅಂಗಡಿ ಇಟ್ಟುಕೊಂಡಿದ್ದೇನೆ. ಹತ್ತು ಹನ್ನೆರಡು ವರ್ಷಗಳಿಂದ ಬೆಟ್ಟ ಹತ್ತುವ ಹುಡುಗರು ಹರಿದ ಬ್ಯಾಗು, ಮುರಿದ ಟೆಂಟುಗಳನ್ನೂ ತರುತ್ತಿದ್ದಾರೆ. ಹೊಸ ಟೆಂಟನ್ನು ಹೊಗಳಿ ಬರೆಯುವವರು ಬೇಕಾದಷ್ಟು ಜನ ಸಿಗುತ್ತಾರೆ. ನನ್ನ ಬಳಿ ಬರುವುದೆಲ್ಲ ಸತ್ತದ್ದು, ಸಾಯುತ್ತಿರುವುದು. ಹಾಗಾಗಿ ಯಾವುದು ಯಾವುದರಿಂದ ಸಾಯುತ್ತದೆ ಎಂದು ಸ್ವಲ್ಪ ಗೊತ್ತು. ಹಿಮಾಲಯಕ್ಕೆ ನಾನೂ ಮೂರು ಸಲ ಹೋಗಿದ್ದೇನೆ, ಹಂಪ್ತಾಗೆ ಒಮ್ಮೆ.

ಮೊದಲು ಆ ಹನಿಯ ವಿಷಯ. ಇಬ್ಬರು ರಾತ್ರಿಯಿಡೀ ಮಲಗಿದರೆ ಉಸಿರಿನಿಂದ, ಮೈಯಿಂದ ಅರ್ಧ ಲೀಟರಿಗೂ ಮೀರಿ ನೀರು ಗಾಳಿಗೆ ಸೇರುತ್ತದೆ. ಮೋಡವಿಲ್ಲದ ರಾತ್ರಿಯಲ್ಲಿ ಟೆಂಟಿನ ಹೊರಹೊದಿಕೆ ಆಕಾಶಕ್ಕೆ ಮುಖ ಮಾಡಿ ಗಾಳಿಗಿಂತಲೂ ಹೆಚ್ಚು ತಣ್ಣಗಾಗುತ್ತದೆ. ಆ ಆವಿ ಹೋಗಿ ಅದರ ಒಳಮೈಗೆ ಅಂಟಿ ಹನಿಯಾಗುತ್ತದೆ. ಬಯಲಿನಲ್ಲಿ ನಿಲ್ಲಿಸಿದ ಕಾರಿನ ಗಾಜು ಬೆಳಿಗ್ಗೆ ಇಬ್ಬನಿಯಿಂದ ತೊಯ್ದಿರುತ್ತದೆ, ಮರದ ಕೆಳಗೆ ನಿಲ್ಲಿಸಿದ್ದು ಒಣಗಿರುತ್ತದೆ, ನೋಡಿದ್ದೀರಲ್ಲ? ಅದೇ ಲೆಕ್ಕ. ನೀವು ಮಲಗಿದ್ದು ಹಳ್ಳದ ಪಕ್ಕ. ತಣ್ಣನೆಯ ಗಾಳಿ ನೀರಿನಂತೆಯೇ ತಗ್ಗಿಗೆ ಹರಿದು ಬಂದು ನಿಲ್ಲುತ್ತದೆ, ಅದರಲ್ಲಿ ತೇವವೂ ಹೆಚ್ಚು. ಚಳಿ ಎಂದು ಕಿಟಕಿಗಳನ್ನೂ ಮುಚ್ಚಿಕೊಂಡಿರುತ್ತೀರಿ. ಐವತ್ತು ಹೆಜ್ಜೆ ಮೇಲೆ, ಕಾಫಿ ಗಿಡಗಳ ಅಂಚಿನಲ್ಲಿ, ಮರದ ನೆರಳಿನಲ್ಲಿ ಹಾಕಿದ್ದರೆ ಅದೇ ಟೆಂಟಿನಲ್ಲಿ ಬಹುಪಾಲು ಒಣಗಿಯೇ ಏಳುತ್ತಿದ್ದಿರಿ. ಒಣಕೊಂಬೆ ಇರುವ ಮರದ ಕೆಳಗೆ ಮಾತ್ರ ಬೇಡ.

ತಂಗಿಯ ಕಾಲಿನ ಕಡೆ ಮಾತ್ರ ಏಕೆ ಅಷ್ಟು ಒದ್ದೆ? ಕಾಲು ಗೋಡೆಗೆ ತಾಗಿತ್ತು. ಹಾಸಿಗೆ ಇದ್ದಷ್ಟು ಕಾಲು ಚಾಚು ಎನ್ನುವ ಗಾದೆ ಟೆಂಟಿಗೆ ಒಪ್ಪುವುದಿಲ್ಲ. ಕಾಲು ಇರುವಷ್ಟು ಉದ್ದದ ಟೆಂಟ್ ತೆಗೆದುಕೊಳ್ಳಬೇಕು. 5 ಅಡಿ 9 ಅಂಗುಲ ಎಂದರೆ 175 ಸೆಂ.ಮೀ. ಸ್ಲೀಪಿಂಗ್ ಬ್ಯಾಗಿನ ತಲೆ ಕಾಲುಗಳ ದಪ್ಪ ಸೇರಿದರೆ 195 ಆಗುತ್ತದೆ. ಗೋಡೆ ನೆಟ್ಟಗೆ ಇರದೆ ಒಳಗೆ ವಾಲಿರುವುದರಿಂದ ತಳದ ಉದ್ದ 215 ಸೆಂ.ಮೀ.ಗೆ ಕಡಿಮೆ ಇದ್ದರೆ ಮುಟ್ಟಬೇಡಿ. ಟೇಪು ಹಿಡಿದುಕೊಂಡೇ ಅಂಗಡಿಗೆ ಹೋಗಿ. ಮಾರುವ ಹುಡುಗನಿಗೆ ಬೇಸರವಾದರೆ ಆಗಲಿ.

ಈಗ ಅಂಕಿಗಳು. 1,500 ಮಿ.ಮೀ. ಎಂದರೆ ಬಟ್ಟೆಯ ಮೇಲೆ ಒಂದೂವರೆ ಮೀಟರ್ ಎತ್ತರದ ನೀರಿನ ಕೊಳವೆ ನಿಲ್ಲಿಸಿದರೂ ನೀರು ಜಿನುಗುವುದಿಲ್ಲ ಎಂದರ್ಥ. ಮೇಲಿನ ಹೊದಿಕೆಗೆ, ಸೆಪ್ಟೆಂಬರ್ ಮೂರನೇ ವಾರದ ಮನಾಲಿ ಮಳೆಗೆ ಅಷ್ಟು ಸಾಕು. ತಳಕ್ಕೆ ಮಾತ್ರ ಹೆಚ್ಚು ಇರಲಿ, ಏಕೆಂದರೆ ನೀವು ಮೊಣಕಾಲೂರಿ ಕೂತಾಗ ಒದ್ದೆ ನೆಲದ ನೀರನ್ನು ಬಟ್ಟೆಯೊಳಕ್ಕೆ ನೀವೇ ಒತ್ತುತ್ತೀರಿ. ಡೆನಿಯರ್ ಎಂದರೆ ನೂಲಿನ ತೂಕ: 9,000 ಮೀಟರ್ ನೂಲು ಎಷ್ಟು ಗ್ರಾಂ ತೂಗುತ್ತದೆ ಎಂಬ ಲೆಕ್ಕ. 20 ಡೆನಿಯರ್ ನೂಲು ಒಂಬತ್ತು ಕಿಲೋಮೀಟರಿಗೆ ಇಪ್ಪತ್ತು ಗ್ರಾಂ. ಅಂಥ ಬಟ್ಟೆಯನ್ನು ಹೊಲಿಗೆ ಯಂತ್ರಕ್ಕೆ ಕೊಟ್ಟರೆ ಕೈಗೆ ಸಿಕ್ಕಿದ್ದೇ ತಿಳಿಯುವುದಿಲ್ಲ, ನೀರಿನ ಮೇಲಿನ ಕೆನೆಯಂತೆ ಜಾರುತ್ತದೆ. ಹಗುರ, ಆದರೆ ನಾಜೂಕು.

ಈ ಎರಡು ಅಂಕಿಗಳಿಂದ ಟೆಂಟ್ ಸತ್ತದ್ದನ್ನು ನಾನು ಬಹಳ ಕಡಿಮೆ ನೋಡಿದ್ದೇನೆ. ಮೊದಲು ಸಾಯುವುದು ಜಿಪ್ಪು. ಧೂಳು ಸಿಕ್ಕಿ ಓಡುವ ತಲೆ ಸವೆದು ಹಿಂದೆ ಹಲ್ಲುಗಳು ಬಾಯಿ ಬಿಡುತ್ತವೆ. ಅದನ್ನು ಇಕ್ಕಳದಿಂದ ಮೆಲ್ಲಗೆ ಎರಡೂ ಬದಿ ಅದುಮಿದರೆ ಇನ್ನೊಂದು ವರ್ಷ ಬದುಕುತ್ತದೆ. ಅದುಮಲು ಇನ್ನೂರು ರೂಪಾಯಿ ತೆಗೆದುಕೊಳ್ಳುವವರೂ ಇದ್ದಾರೆ, ಮನೆಯಲ್ಲೇ ಮಾಡಿಕೊಳ್ಳಿ. ಎರಡನೆಯದು ಕೋಲು. ಫೈಬರ್‌ಗ್ಲಾಸ್ ಗಾಳಿಗೆ ಬಾಗುತ್ತ ಬಾಗುತ್ತ ಒಮ್ಮೆಲೇ ಸೀಳುತ್ತದೆ, ಕಬ್ಬಿನ ಸಿಬಿರಿನಂತೆ. ಆ ಸಿಬಿರು ಹೊದಿಕೆಯನ್ನೂ ಹರಿಯುತ್ತದೆ, ಕೈಯನ್ನೂ ಬಿಡುವುದಿಲ್ಲ. ಅಲ್ಯೂಮಿನಿಯಂ ಮೊದಲು ಸೊಟ್ಟಗಾಗುತ್ತದೆ. ಒಂದು ಗೇಣಿಗಿಂತ ಗಿಡ್ಡ ಕೊಳವೆಯ ತುಂಡನ್ನು ಅದರ ಮೇಲೆ ಜಾರಿಸಿ ಟೇಪು ಸುತ್ತಿದರೆ ಊರು ಸೇರುವವರೆಗೆ ನಿಲ್ಲುತ್ತದೆ. ನಿಮ್ಮ ದುಡ್ಡಿನ ಹೆಚ್ಚಿನ ಪಾಲು ಕೋಲಿಗೇ ಹೋಗಲಿ.

ಮೂರನೆಯದು ಒಳಲೇಪ, ಅಂದರೆ ನೀರು ತಡೆಯಲು ಬಟ್ಟೆಯ ಒಳಮೈಗೆ ಬಳಿದದ್ದು. ಒದ್ದೆ ಇರುವಾಗಲೇ ಮಡಚಿ ಅಟ್ಟಕ್ಕೆ ಎಸೆಯುತ್ತಾರೆ. ನಮ್ಮ ಕಡೆ ಮಳೆಗಾಲದಲ್ಲಿ ಚಪ್ಪಲಿಗೂ ಬೂಷ್ಟು ಹಿಡಿಯುತ್ತದೆ, ಟೆಂಟನ್ನು ಬಿಟ್ಟೀತೆ? ಕೆಲವು ವರ್ಷಗಳಾದ ಮೇಲೆ ತೆಗೆದರೆ ಒಳಗೆಲ್ಲ ಜೋನಿ ಬೆಲ್ಲದ ಹಾಗೆ ಅಂಟು, ಹುಳಿ ವಾಸನೆ. ಅದಕ್ಕೆ ಮದ್ದಿಲ್ಲ. ತಂದವರಿಗೆ ಹೇಳುವಾಗ ನನಗೆ ದನದ ಡಾಕ್ಟರ ಮುಖ ಬಂದಿರುತ್ತದಂತೆ, ಮಗಳು ಹೇಳುತ್ತಾಳೆ.

ಹಂಪ್ತಾಗೆ ಏನು ಬೇಕು ಎನ್ನುವುದು ಆ ದಾರಿಯ ನೆಲವನ್ನು ನೋಡಿದರೆ ತಾನೇ ತಿಳಿಯುತ್ತದೆ. ಜೋಬ್ರಾ, ಚಿಕಾ ಕಡೆ ಹುಲ್ಲು, ಮಣ್ಣು. ಗೂಟ ಬೆಣ್ಣೆಗೆ ಚಾಕು ಇಳಿದಂತೆ ಇಳಿಯುತ್ತದೆ. ಬಾಲು ಕಾ ಘೇರಾದಲ್ಲಿ ಹೆಸರಿನಲ್ಲೇ ಬಾಲು, ಅಂದರೆ ಮರಳು. ಹೊಳೆಯ ಪಾತ್ರದ ಮರಳು, ಗುಂಡುಕಲ್ಲು. ಗೂಟ ಇಳಿಯುತ್ತದೆ, ನಿಲ್ಲುವುದಿಲ್ಲ. ಪಾಸ್ ಸುಮಾರು 4,270 ಮೀಟರ್. ಅದನ್ನು ದಾಟಿದರೆ ಬೇರೆಯೇ ದೇಶ. ಈಚೆ ಕುಲ್ಲುವಿನ ಹಸಿರು, ಆಚೆ ಲಾಹೌಲಿನ ಒಣ ಬೆಟ್ಟ, ನಡುವೆ ಒಂದು ಮಧ್ಯಾಹ್ನದ ನಡಿಗೆ. ಶಿಯಾಗೋರುವಿನಲ್ಲಿ ಸಂಜೆಯ ಗಾಳಿ ಧೂಳು ಹೊತ್ತು ಬರುತ್ತದೆ, ನೆಲ ಕಲ್ಲು, ಗೂಟ ಹೊಡೆದರೆ ಗೂಟವೇ ಬಾಗುತ್ತದೆ.

ಅಂಥಲ್ಲಿ ಎರಡು ಕೋಲು ಒಂದನ್ನೊಂದು ಅಡ್ಡ ಹಾಯ್ದು ಗೂಟವಿಲ್ಲದೆಯೂ ತಾನೇ ನಿಲ್ಲುವ ಟೆಂಟ್ ಬೇಕು. ಎರಡು ಪದರ ಇರಲಿ, ಹನಿ ಹೊರಹೊದಿಕೆಯ ಒಳಮೈಯಲ್ಲೇ ಹರಿದು ಇಳಿಯಲಿ. ಒಳಗೂಡು ಪೂರ್ತಿ ಬಲೆಯಾದರೆ ಶಿಯಾಗೋರುವಿನ ಧೂಳು ನಿಮ್ಮ ಉಪ್ಪಿಟ್ಟಿಗೂ ಬರುತ್ತದೆ. ಕೆಳಗಿನ ಅರ್ಧ ಬಟ್ಟೆ, ಮೇಲಿನ ಅರ್ಧ ಬಲೆ ಇರುವುದನ್ನು ನೋಡಿ. ಇಬ್ಬರಿಗೆ ಎರಡು ಬಾಗಿಲು. ಒದೆಯುವ ತಂಗಿಯನ್ನು ದಾಟಿ ನಡುರಾತ್ರಿ ಹೊರಗೆ ಹೋಗಬೇಕಾದಾಗ ನನ್ನನ್ನು ನೆನೆಸಿಕೊಳ್ಳುವಿರಿ. ಇಷ್ಟೆಲ್ಲ ಇದ್ದು ಎರಡರಿಂದ ಎರಡೂಕಾಲು ಕಿಲೋ ತೂಗುವುದು ನಿಮ್ಮ ಬಜೆಟ್ಟಿನ ಆಸುಪಾಸಿನಲ್ಲಿ ಸಿಗುತ್ತದೆ. ಕೋಲು, ಗೂಟ ಒಬ್ಬರ ಬೆನ್ನಿಗೆ, ಬಟ್ಟೆ ಇನ್ನೊಬ್ಬರ ಬೆನ್ನಿಗೆ.

ಕಲ್ಲುನೆಲದಲ್ಲಿ ಹಗ್ಗ ಕಟ್ಟುವ ರೀತಿಯನ್ನು ಈಗಲೇ ಕಲಿತುಕೊಳ್ಳಿ. ತೆಂಗಿನಕಾಯಿ ಗಾತ್ರದ ಕಲ್ಲಿಗೆ ಹಗ್ಗದ ಕುಣಿಕೆ ಹಾಕಿ. ಅದಕ್ಕೂ ಟೆಂಟಿಗೂ ನಡುವೆ, ಹಗ್ಗದ ಮೇಲೆಯೇ, ನೀವು ಕಷ್ಟಪಟ್ಟು ಉರುಳಿಸಬಲ್ಲ ದೊಡ್ಡ ಕಲ್ಲು ಇಡಿ. ಗಾಳಿ ಎಳೆದಾಗ ಚಿಕ್ಕ ಕಲ್ಲು ಬಂದು ದೊಡ್ಡದಕ್ಕೆ ಒರಗಿ ನಿಲ್ಲುತ್ತದೆ. ದೊಡ್ಡ ಕಲ್ಲಿಗೇ ನೇರವಾಗಿ ಕಟ್ಟಿದರೆ ರಾತ್ರಿಯಿಡೀ ಉಜ್ಜಿ ಹಗ್ಗ ಕಡಿಯುತ್ತದೆ.

ಕೊನೆಯದಾಗಿ, ಹಳೆಯದನ್ನು ಎಸೆಯುವ ಮೊದಲು ಒಂದು ಪರೀಕ್ಷೆ ಮಾಡಿ. ತಾರಸಿಯ ಮೇಲೆ ನಿಲ್ಲಿಸಿ, ಒಳಗೆ ತಳದ ತುಂಬ ಹಳೆಯ ದಿನಪತ್ರಿಕೆ ಹಾಸಿ, ಜಿಪ್ಪು ಹಾಕಿ, ಪೈಪಿನಿಂದ ಇಪ್ಪತ್ತು ನಿಮಿಷ ನೀರು ಬಿಡಿ. ಪತ್ರಿಕೆ ಒಣಗಿದ್ದರೆ ನಾನು ಹೇಳಿದ್ದು ಸರಿ.

ಇಂಬಳಕ್ಕೆ ರಕ್ತದಾನಿ:

ಹುಡ್ ಹೊಲಿಯುವವರು ಎಲ್ಲ ಹೇಳಿದ್ದಾರೆ, ನನ್ನದು ಜೋಲಿಯ ಪಕ್ಷ. ಮಡಿಕೇರಿ ಕಡೆಯವನು. ಮಳೆಗಾಲದ ಕಾಡಿನಲ್ಲಿ ಸಮತಟ್ಟಾದ ಒಣ ನೆಲ ಹುಡುಕುವುದಕ್ಕಿಂತ ಎರಡು ಮರ ಹುಡುಕುವುದು ಸುಲಭ. ಇಂಬಳ ಕಡಿಮೆ, ಬೆನ್ನಿಗೆ ಕಲ್ಲು ಒತ್ತುವುದಿಲ್ಲ. ಮೇಲೊಂದು ಶೀಟು ಕಟ್ಟಿದರೆ ಮುಗಿಯಿತು.

ಆದರೆ ಎರಡು ತಪ್ಪು ನಾನು ಮಾಡಿದ್ದೇನೆ, ನೀವು ಮಾಡಬೇಡಿ. ಒಂದು: ಡಿಸೆಂಬರ್‌ನಲ್ಲಿ ಕೆಳಗೇನೂ ಹಾಸದೆ ಮಲಗಿದೆ. ಮೈಭಾರಕ್ಕೆ ಸ್ಲೀಪಿಂಗ್ ಬ್ಯಾಗಿನ ಹತ್ತಿ ಅಪ್ಪಚ್ಚಿಯಾಗಿ, ಬೆನ್ನ ಕೆಳಗಿನಿಂದ ಗಾಳಿ ಬೀಸಿ, ರಾತ್ರಿಯಿಡೀ ಹಲ್ಲು ಕಟಕಟಿಸಿತು. ಎರಡು: ಪರಿಚಯದವರ ತೋಟದಲ್ಲಿ ಸಿಲ್ವರ್ ಓಕ್ ಮರಕ್ಕೆ ಕಟ್ಟಿದೆ. ಬೆಳಿಗ್ಗೆ ನೋಡಿದರೆ ಪಟ್ಟಿಯ ಕೆಳಗೆ ಮೆಣಸಿನ ಬಳ್ಳಿ ಜಜ್ಜಿಹೋಗಿತ್ತು. ತೋಟದ ಯಜಮಾನರು ಏನೂ ಅನ್ನಲಿಲ್ಲ, ಕಾಫಿಯನ್ನೂ ಕೊಡಲಿಲ್ಲ. ಕೊಡಗಿನಲ್ಲಿ ಇದರ ಅರ್ಥ ಬಲ್ಲವರಿಗೆ ಗೊತ್ತು.

ಹಂಪ್ತಾ ಪಾಸಿನ ಮೇಲೆ ಮರವಿಲ್ಲ. ಹಾಗಾಗಿ ನಿಮಗೆ ಈ ಉತ್ತರದಿಂದ ಪ್ರಯೋಜನವೂ ಇಲ್ಲ. ಬರೆಯಬೇಕೆನಿಸಿತು.

ಹಾಸನದಿಂದ ನ್ಯೂಜೆರ್ಸಿ:

ಎರಡೂಕಾಲು ಕಿಲೋ ಏಕೆ ಹೊರಬೇಕು? ನನ್ನ ಇಬ್ಬರ ಟೆಂಟ್ ಒಂದು ಕಿಲೋ ಒಳಗೆ. ಅದಕ್ಕೆ ತನ್ನದೇ ಕೋಲು ಇಲ್ಲ, ನಡೆಯಲು ಹಿಡಿಯುವ ಎರಡು ಕೋಲುಗಳೇ ಅದರ ಕಂಬ. ಇಲ್ಲಿ ಅಪಲಾಚಿಯನ್ ಟ್ರೇಲ್ ಎಂಬ ಸುಮಾರು 3,500 ಕಿ.ಮೀ. ಕಾಲುದಾರಿ ಇದೆ, ನಮ್ಮ ಮನೆಯಿಂದ ಒಂದು ಗಂಟೆಯ ದೂರ. ಆ ದಾರಿಯುದ್ದಕ್ಕೂ 250ಕ್ಕೂ ಹೆಚ್ಚು ತಂಗುಮಾಡಗಳಿವೆ: ಮೂರು ಗೋಡೆ, ಒಂದು ಮಾಡು, ಮುಂದೆ ಬಯಲು. ಥೇಟ್ ನಮ್ಮೂರ ಬಸ್ ತಂಗುದಾಣ. ಮೊದಲು ಬಂದವರಿಗೆ ಜಾಗ. ಇಲಿಗಳು ಎಲ್ಲರಿಗಿಂತ ಮೊದಲೇ ಬಂದಿರುತ್ತವೆ. ಜಾಗ ಸಿಗದ ದಿನ ನನ್ನ ಹಗುರ ಟೆಂಟ್.

ಒಂದು ಎಚ್ಚರಿಕೆ ಕೊಡಲೇಬೇಕು. ಇಂಥ ಹಲವು ಹಗುರ ಟೆಂಟುಗಳ ಬಟ್ಟೆಗೆ ಎರಡೂ ಬದಿ ಸಿಲಿಕೋನ್ ಬಳಿದಿರುತ್ತಾರೆ. ಅದಕ್ಕೆ ಹೊಲಿಗೆ ಮುಚ್ಚುವ ಟೇಪು ಅಂಟುವುದಿಲ್ಲ, ನಾವೇ ಸಿಲಿಕೋನ್ ಅಂಟನ್ನು ಕಲಸಿ ಪ್ರತಿ ಹೊಲಿಗೆಗೂ ಬ್ರಷ್ಷಿನಿಂದ ಹಚ್ಚಬೇಕು. ಜೊತೆಗೆ ಬಂದ ಚೀಟಿಯಲ್ಲಿ ಅದನ್ನೇ ಬರೆದಿದ್ದರು. ಚೀಟಿ ಓದುವ ಅಭ್ಯಾಸ ನನಗಿಲ್ಲ. ಮೊದಲ ಮಳೆಗೆ ನೆತ್ತಿಯ ಹೊಲಿಗೆಯುದ್ದಕ್ಕೂ ಮುತ್ತಿನ ಸರ ಇಳಿಬಿಟ್ಟಂತೆ ನೀರು. ಆಮೇಲೆ ನಡುಮನೆಯಲ್ಲಿ ಟೆಂಟ್ ಹರಡಿ ಅಂಟು ಹಚ್ಚಿದೆ. ಎರಡು ದಿನ ವಾಸನೆ. ನನ್ನ ಹೆಂಡತಿ ಗ್ಯಾರೇಜ್ ಎಂಬ ಜಾಗ ಏತಕ್ಕಿದೆ ಎಂದು ಕೇಳಿದಳು, ಉತ್ತರ ಇರಲಿಲ್ಲ.

ಹುಡ್ ಹೊಲಿಯುವವ:

ನ್ಯೂಜೆರ್ಸಿ ಸಾಹೇಬರೆ, ಆ ಬಟ್ಟೆಯ ಮೇಲೆ ನನಗೂ ಆಸೆ. ಒಬ್ಬ ಹುಡುಗ ಅಂಥದ್ದೊಂದನ್ನು ತಂದಿದ್ದ. ಹೊಲಿಯುವ ನೆಪದಲ್ಲಿ ಎರಡು ದಿನ ಹೆಚ್ಚಿಗೆ ಇಟ್ಟುಕೊಂಡಿದ್ದೆ. ಆದರೆ ಅದು ಪೂರ್ತಿ ಗೂಟದ ನಂಬಿಕೆಯ ಮೇಲೆ ನಿಂತ ಮನೆ. ಬಾಲು ಕಾ ಘೇರಾದ ಮರಳಿನಲ್ಲಿ ಮೂಲೆಯ ಒಂದು ಗೂಟ ಕಿತ್ತರೆ ಟೆಂಟೇ ಮುಖದ ಮೇಲೆ ಮಲಗುತ್ತದೆ. ಅಲ್ಲದೆ ನೈಲಾನ್ ಒದ್ದೆಯಾದರೆ ಹಿಗ್ಗುತ್ತದೆ. ಸಂಜೆ ತಂಬೂರಿಯಂತೆ ಬಿಗಿದದ್ದು ನಡುರಾತ್ರಿ ಹಳೆಯ ಬನಿಯನ್ ಆಗಿರುತ್ತದೆ, ಎದ್ದು ಮತ್ತೆ ಬಿಗಿಯಬೇಕು. ಪಾಲಿಯೆಸ್ಟರ್ ಅಷ್ಟು ಹಿಗ್ಗುವುದಿಲ್ಲ. ಹತ್ತು ಸಲ ಹಾಕಿ ಕೈ ಪಳಗಿದವರಿಗೆ ನಿಮ್ಮದು ಸರಿ. ಇವರಿಗೆ ಇದು ಮೊದಲ ಪಾಸ್.

ಅಕ್ಕ ತಂಗಿಯರಿಗೆ ಇನ್ನೊಂದು ಮಾತು, ಇದನ್ನು ತಮಾಷೆ ಎಂದುಕೊಳ್ಳಬೇಡಿ. ಎಷ್ಟೇ ಚಳಿ ಇದ್ದರೂ ಮುಚ್ಚಿದ ಟೆಂಟಿನೊಳಗೆ ಸ್ಟವ್ ಹಚ್ಚಬಾರದು. ಬೆಂಕಿ ಹೊತ್ತುವುದು ಒಂದು ಭಯ. ಕಣ್ಣಿಗೂ ಮೂಗಿಗೂ ತಿಳಿಯದ ಕಾರ್ಬನ್ ಮೊನಾಕ್ಸೈಡ್ ಅದಕ್ಕಿಂತ ದೊಡ್ಡದು. ತಂಗಿ ನರ್ಸ್, ಅವರಿಗೆ ನಾನು ಹೇಳಬೇಕಾಗಿಲ್ಲ.

ಕೆಳಗೆ ಹಾಸುವ ಶೀಟಿಗೆ ದುಡ್ಡು ಕೊಡಬೇಡಿ. ಅಡಿಕೆ ಒಣಗಿಸಲು ಹಾಸುವ ತೆಳು ಶೀಟು ಸಾಕು. ಯಾರದೋ ಹುಟ್ಟುಹಬ್ಬದ ಫ್ಲೆಕ್ಸ್ ಬೇಡ, ತೂಕ ಜಾಸ್ತಿ. ರಾತ್ರಿಯಿಡೀ ಒಬ್ಬ ಮುಖಂಡರ ನಗುಮುಖದ ಮೇಲೆ ಮಲಗಿದಂತೆಯೂ ಆಗುತ್ತದೆ. ಟೆಂಟಿನ ತಳಕ್ಕಿಂತ ಎಲ್ಲ ಬದಿಗೂ ಮೂರು ಬೆರಳು ಚಿಕ್ಕದಾಗಿ ಕತ್ತರಿಸಿ. ದೊಡ್ಡದಿದ್ದರೆ ಹೊದಿಕೆಯಿಂದ ಇಳಿದ ಮಳೆನೀರು ಅದರ ಮೇಲೆ ಬಿದ್ದು ನಿಮ್ಮ ಕೆಳಗೇ ಬಂದು ನಿಲ್ಲುತ್ತದೆ.

ಮನಾಲಿಗೆ ನಾಲ್ಕು ಸಲ:

ಗುಂಪಿನ ಮಾತು ವಾಪಸ್. ಒಂದು ಮಾಹಿತಿ ಮಾತ್ರ: ಛತ್ರುವಿನಿಂದ ಚಂದ್ರತಾಲ್‌ಗೆ ಹೋಗುವುದಾದರೆ ಸರೋವರದ ದಂಡೆಯಲ್ಲಿ ಟೆಂಟ್ ಹಾಕಲು ಬಿಡುವುದಿಲ್ಲ. ಹಿಂದೆ, ರಸ್ತೆಯ ಕಡೆಯ ಕ್ಯಾಂಪುಗಳಲ್ಲೇ ಉಳಿಯಬೇಕು. ಉತ್ತರಾಖಂಡದ ಬುಗ್ಯಾಲುಗಳಲ್ಲಿ, ಅಂದರೆ ಎತ್ತರದ ಹುಲ್ಲುಗಾವಲುಗಳಲ್ಲಿ, ರಾತ್ರಿ ತಂಗುವುದನ್ನು 2018ರಲ್ಲಿ ಅಲ್ಲಿನ ಹೈಕೋರ್ಟೇ ನಿಷೇಧಿಸಿತು. ನಮ್ಮ ಕರ್ನಾಟಕದಲ್ಲೂ ಅಭಯಾರಣ್ಯ, ರಾಷ್ಟ್ರೀಯ ಉದ್ಯಾನಗಳಲ್ಲಿ ಕಂಡಲ್ಲಿ ಟೆಂಟ್ ಹಾಕುವಂತಿಲ್ಲ. ಕುಮಾರ ಪರ್ವತದ ತುದಿಯಲ್ಲಿ ಹಾಕಬಹುದೆಂದು ಹಳೆಯ ಬರಹಗಳನ್ನು ಓದಿಕೊಂಡು ಹೊರಟವರನ್ನು ನಾನು ನೋಡಿದ್ದೇನೆ. ಟೆಂಟ್ ಕೊಳ್ಳುವ ಮುನ್ನ ಅದನ್ನು ಹಾಕಲು ಜಾಗ ಎಲ್ಲಿದೆ ಎಂದೂ ನೋಡಿಕೊಳ್ಳಿ.

ದಾವಣಗೆರೆ ಅಕ್ಕ:

ಒಂಬತ್ತು ದಿನಗಳ ನಂತರ ಬರೆಯುತ್ತಿದ್ದೇನೆ.

ಭಾನುವಾರ ತಾರಸಿಯಲ್ಲಿ ಪರೀಕ್ಷೆ ನಡೆಯಿತು. ಪಕ್ಕದ ಮನೆಯ ಅಜ್ಜಿ ಮೆಟ್ಟಿಲ ಮೇಲೆ ಕುಳಿತು, ನೀರಿಗೆ ಇಷ್ಟು ಬರ ಇರುವಾಗ ಬಟ್ಟೆಯ ಮನೆಗೆ ಸ್ನಾನ ಮಾಡಿಸುತ್ತಿದ್ದಾಳೆ ಎಂದು ಎಲ್ಲರಿಗೂ ಕೇಳುವಂತೆ ಹೇಳಿದರು. ಇಪ್ಪತ್ತು ನಿಮಿಷದ ಬದಲು ಹನ್ನೆರಡಕ್ಕೆ ನಿಲ್ಲಿಸಿದೆ. ಒಳಗೆ ಹೋಗಿ ನೋಡಿದರೆ ಪತ್ರಿಕೆಗಳೆಲ್ಲ ಒಣಗಿದ್ದವು, ಒಂದನ್ನು ಬಿಟ್ಟು. ಬಲಗಡೆಯ ಹಿಂದಿನ ಮೂಲೆ, ಕೋಲಿಗೆ ಕಟ್ಟುವ ಲಾಡಿ ಹೊಲಿದಿರುವ ಜಾಗದ ನೇರ ಕೆಳಗೆ, ಅಂಗೈಯಗಲ ಒದ್ದೆ. ವಧು ವರರ ಪುಟ. ಹುಡ್ ಹೊಲಿಯುವವರೆ, ನೀವು ಹೇಳಿದ್ದು ಮುಕ್ಕಾಲು ಸರಿ, ಕಾಲು ತಪ್ಪು. ಅಲ್ಲಿ ಹೊಲಿಗೆಯ ಟೇಪು ಎದ್ದು ಬಂದಿದೆ. ಆ ರಾತ್ರಿ ತಂಗಿಯ ಕಾಲು ಇದ್ದದ್ದೂ ಅದೇ ಮೂಲೆಯಲ್ಲಿ. ಇಬ್ಬನಿ ಅಲ್ಲಿಂದಲೂ ಇಳಿದಿರಬೇಕು.

ಅದೇ ರಾತ್ರಿ ತಾರಸಿಯಲ್ಲೇ ಒಬ್ಬಳೇ ಮಲಗಿದೆ, ಕಿಟಕಿ ತೆರೆದು. ಹನಿ ಇಲ್ಲ. ಸೊಳ್ಳೆ ಇತ್ತು, ಏಕೆಂದರೆ ಬಲೆಯಲ್ಲಿ ಒಂದು ತೂತಿದೆ, ಅದೂ ಆಗಲೇ ತಿಳಿದದ್ದು.

ಹೊಸ ಟೆಂಟ್ ಕೊಂಡಾಯಿತು. ಟೇಪು ಹಿಡಿದು ಹೋಗಿದ್ದೆ. ಮೊದಲು ಮೆಚ್ಚಿದ್ದರ ಮೇಲೆ 215 ಎಂದು ಬರೆದಿತ್ತು, ಒಳಗೆ ಅಳೆದರೆ 208. ಹುಡುಗ ಎರಡು ಸಲ ತಾನೇ ಅಳೆದು ನೋಡಿ ಪೆಚ್ಚಾದ. ಎರಡನೆಯದು 218 ಬಂತು. ಅಲ್ಯೂಮಿನಿಯಂ ಕೋಲು, ಎರಡು ಬಾಗಿಲು, 2.2 ಕಿಲೋ, ಹನ್ನೆರಡು ಸಾವಿರದ ನಾನೂರು. ಮೇಲಿನ ನಾನೂರನ್ನು ತಂಗಿಯ ಎತ್ತರದ ಲೆಕ್ಕಕ್ಕೆ ಹಾಕಿದ್ದೇನೆ, ಅವಳೇ ಕೊಡುತ್ತಾಳೆ. ಬಣ್ಣ ಬೂದು. ಕೇಸರಿ ಇದ್ದಿದ್ದರೆ ಫೋಟೋ ಚೆನ್ನಾಗಿ ಬರುತ್ತಿತ್ತು ಎಂದು ಅವಳ ಕೊರಗು.

ಹೊದಿಕೆಯ ಬದಿಗಳಲ್ಲಿ ಹಗ್ಗ ಕಟ್ಟಲು ಎರಡೇ ಕುಣಿಕೆಗಳಿವೆ, ಗಾಳಿಗೆ ಇನ್ನೆರಡು ಇದ್ದರೆ ವಾಸಿ ಎನಿಸುತ್ತದೆ. ಮುಂದಿನ ವಾರ ಚಿಕ್ಕಮಗಳೂರಿಗೆ ಬರುವುದಿದೆ. ಹೊಲಿದು ಕೊಡುತ್ತೀರಾ? ಭಾವನ ಟೆಂಟಿನ ಬಲೆಯ ತೂತು, ಆ ಮೂಲೆಯ ಟೇಪು ಎರಡನ್ನೂ ನೋಡಿದರೆ ಅಕ್ಕನ ಮಕ್ಕಳಿಗೆ ಅಂಗಳದಲ್ಲಿ ಆಡಲು ಆಗುತ್ತದೆ.

ಹುಡ್ ಹೊಲಿಯುವವ:

ಕಾಲು ತಪ್ಪನ್ನು ಒಪ್ಪಿದೆ. ನೋಡದೆ ರೋಗ ಹೇಳಬಾರದಿತ್ತು.

ಹೊಸದಕ್ಕೆ ಬಟ್ಟೆಗೆ ನೇರವಾಗಿ ಕುಣಿಕೆ ಹೊಲಿದರೆ ಸೂಜಿಯ ತೂತಿನಿಂದ ಅಲ್ಲೇ ಸೋರಲು ಶುರು. ಈಗಾಗಲೇ ಇರುವ ಅಂಚಿನ ಹೊಲಿಗೆಯ ಮೇಲೆ ಬರುವಂತೆ ಪಟ್ಟಿ ಇಟ್ಟು, ಒಳಗಿನಿಂದ ತೇಪೆ ಕೊಟ್ಟು, ಅಂಟು ಹಚ್ಚಬೇಕು. ಒಂದು ದಿನ ಒಣಗಲು ಬೇಕು, ಹಾಗಾಗಿ ಬೆಳಿಗ್ಗೆ ಕೊಟ್ಟು ಸಂಜೆ ಕೇಳಬೇಡಿ. ಹಳೆಯದರ ತೂತಿಗೆ ದುಡ್ಡು ಬೇಡ.

ಸೋಮವಾರ ಅಂಗಡಿಗೆ ರಜೆ. ಕೋಲುಗಳನ್ನು ಹೊತ್ತು ತರಬೇಡಿ, ಹೊದಿಕೆ ಮತ್ತು ಹಳೆಯ ಒಳಗೂಡು ಸಾಕು. ಎರಡನ್ನೂ ಒಣಗಿಸಿ ತನ್ನಿ.